ಒಂಬತ್ತನೆಯ ಕಂತಿನ ದನಿ

"ಹಾಡೋ ಒನೆಸಿಮೊ, ಮಣ್ಣು ಬೀಳ್ತಾ ಇದೆ," ಎಂದು ಮುದುಕ ತ್ರಾಂಕಿಲಿನೊ ಮೊಣಕೈಯಿಂದ ತಿವಿದ.

ಒನೆಸಿಮೊ ಕೇಳಿಸದವನಂತೆ ಸಲಿಕೆಯನ್ನು ಗುಡ್ಡೆಗೆ ನುಗ್ಗಿಸಿ ಮತ್ತೊಂದಿಷ್ಟು ಮಣ್ಣೆತ್ತಿದ. ಕೆಳಗೆ ಪೆಟ್ಟಿಗೆಯ ಮೇಲೆ ಕಲ್ಲುಮಣ್ಣು ಬಿದ್ದ ಸದ್ದು ಬಂತು. ಪೆಟ್ಟಿಗೆಯೊಳಗೆ ಅವನ ಅಣ್ಣ ಸಿಪ್ರಿಯಾನೊ ಲುಸೆರೊ ಮಲಗಿದ್ದ. ಅರವತ್ತೊಂಬತ್ತು ವರ್ಷ. ಕತ್ತಿನ ತೂತು ಕಾಣದಿರಲೆಂದು ಹೆಂಡತಿ ಎಲೋಯ್ಸಾ ಬಿಳಿ ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕಿದ್ದಳು.

ನಮ್ಮ ಓಹಿತೊ ಊರಲ್ಲಿ ಗುಂಡಿ ತೋಡುವುದಕ್ಕೂ ಮುಚ್ಚುವುದಕ್ಕೂ ಯಂತ್ರ ತರಿಸುವುದಿಲ್ಲ. ಊರಿನ ಗಂಡಸರೇ ತೋಡಬೇಕು, ಅವರೇ ಮುಚ್ಚಬೇಕು. ಕಡೆಯ ಸಲಿಕೆ ಮಣ್ಣು ಬೀಳುವತನಕ ಚರ್ಚಿನ ಸಹೋದರ ಸಂಘದವರ ಹಾಡು ನಿಲ್ಲಬಾರದು. ಆ ಹಾಡನ್ನು ಮೂವತ್ತೊಂದು ವರ್ಷಗಳಿಂದ ಎತ್ತಿಕೊಡುತ್ತಿದ್ದವನು ಒನೆಸಿಮೊ. ಕಣಿವೆಯ ಆಚೆ ದಂಡೆಯವರೆಗೂ ಕೇಳುವ ಗಂಟಲು ಅವನದು. ಇಪ್ಪತ್ತು ವರ್ಷ ಅವನ ಪಾಲಿನ ಕಾಲುವೆ ನೀರು ಕದ್ದ ಬೆನಿತೊ ಸತ್ತಾಗಲೂ ಹಾಡಿದ್ದ. ಹಾಡಿದ ಮೇಲೆ ಮನೆಗೆ ಹೋಗಿ ಬೈದಿದ್ದ, ಆ ಮಾತು ಬೇರೆ.

"ಗಂಟಲು ಕಟ್ಟಿದೆ," ಎಂದು ಅವನು ಪಿಸುಗುಟ್ಟಿದ.

"ಏನಂದೆ?"

ತ್ರಾಂಕಿಲಿನೊಗೆ ಎಂಬತ್ತನಾಲ್ಕು. ಸಂಘದ ಹಿರಿಯಣ್ಣ. ಕಿವಿ ಹೋಗಿ ಹತ್ತು ವರ್ಷವಾದರೂ ಹೋಗಿದೆಯೆಂದು ಒಪ್ಪಿದವನಲ್ಲ. ಒನೆಸಿಮೊ ತನ್ನ ಗಂಟಲನ್ನು ಮುಟ್ಟಿ, ಇಲ್ಲ ಎಂದು ತಲೆಯಾಡಿಸಿದ. ಮುದುಕ ಒಂದು ಗಳಿಗೆ ಅವನನ್ನೇ ದುರುಗುಟ್ಟಿಕೊಂಡು ನೋಡಿ, ಹ್ಯಾಟು ತೆಗೆದು ತಾನೇ ಶುರುಮಾಡಿದ. ಸ್ವರ ಎತ್ತಲೋ, ಪದ ಎತ್ತಲೋ. ಉಳಿದವರು ಹೇಗೋ ಅವನ ಬೆನ್ನು ಹಿಡಿದು ಹೊರಟರು.

ಗುಂಡಿಯ ಆಚೆ ಬದಿಯಲ್ಲಿ ನಿಂತಿದ್ದ ಎಲೋಯ್ಸಾ ತಲೆಯೆತ್ತಿ ಮೈದುನನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅರ್ಥವಾಗದ ನೋವಿತ್ತು. ಒನೆಸಿಮೊ ಕಣ್ಣು ತಪ್ಪಿಸಿ ಸಲಿಕೆ ಹಿಡಿದ.

ಆ ದಿನ ಸಂಜೆ ಏಳು ಗಂಟೆಗೆ ಸಿಪ್ರಿಯಾನೊ ಟೀವಿಯಲ್ಲಿ ಒಂದು ಮಾತು ಆಡುವವನಿದ್ದ. ನಾಲ್ಕು ಸೆಕೆಂಡಿನ ಮಾತು. ಕ್ಯಾನ್ಸರ್ ಬಂದು ಅವನ ಗಂಟಲಿನ ಧ್ವನಿಪೆಟ್ಟಿಗೆಯನ್ನು ಕತ್ತರಿಸಿ ತೆಗೆದ ಮೇಲೆ ಏಳು ತಿಂಗಳಿಂದ ಎಲೋಯ್ಸಾ ಅದೊಂದಕ್ಕಾಗಿ ಕಾಯುತ್ತಿದ್ದಳು. ಪಾದ್ರಿ ಶನಿವಾರವೇ ಮಣ್ಣು ಮಾಡೋಣ ಎಂದರೂ ಕೇಳದೆ ಸೋಮವಾರವೇ ಆಗಬೇಕೆಂದು ಹಟ ಹಿಡಿದಿದ್ದಳು. ಊರೆಲ್ಲ ಸೇರಿದ ದಿನವೇ ಗಂಡನ ದನಿ ಕೇಳಬೇಕೆಂಬುದು ಅವಳ ಆಸೆ. ಆದರೆ ಅಲ್ಲಿ ಕೇಳಿಬರಲಿದ್ದ ದನಿ ಸಿಪ್ರಿಯಾನೊನದಲ್ಲ, ಒನೆಸಿಮೊನದು. ಇದು ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಅವರಲ್ಲಿ ಒಬ್ಬನ ಮೇಲೆ ಇನ್ನೊಬ್ಬ ಈಗ ಮಣ್ಣೆಳೆಯುತ್ತಿದ್ದ.

ಮಧ್ಯಾಹ್ನ ಸ್ಮಶಾನದಲ್ಲಿ ಬಾಯಿ ಬಿಟ್ಟು ಹಾಡಿದರೆ ಆ ದನಿ ಅವಳ ಕಿವಿಯಲ್ಲಿ ಹಸಿಯಾಗಿ ಕೂತಿರುತ್ತದೆ, ಏಳು ಗಂಟೆಗೆ ಗುರುತು ಹಿಡಿದುಬಿಡುತ್ತಾಳೆ. ಸಾವಾಗಿ ನಾಲ್ಕು ದಿನದಿಂದ ಒನೆಸಿಮೊ ಅವಳೆದುರು ಪಿಸುಮಾತು ಬಿಟ್ಟು ಬೇರೆ ಆಡಿರಲಿಲ್ಲ. ಊರಿಗೆಲ್ಲ ಹಾಡಿದವನು ಒಡಹುಟ್ಟಿದವನಿಗೆ ಹಾಡದೆ ಮಣ್ಣು ಮುಚ್ಚಿದ.

* * *

ಟೀವಿ ಧಾರಾವಾಹಿಯವರು ಓಹಿತೊಗೆ ಬಂದದ್ದು ಆರು ವರ್ಷದ ಹಿಂದೆ. ಅವರಿಗೆ ನಮ್ಮ ಕೆಂಪು ಬಂಡೆಗಳು ಬೇಕಿದ್ದವು. ಕತೆಯ ಪೊಲೀಸ್ ಅಧಿಕಾರಿ ಶೆರಿಫ್‌ಗೆ ಅಟ್ಟಿಸಿಕೊಂಡು ಹೋಗಲು ಕಣಿವೆ ಬೇಕಿತ್ತು, ಕಳ್ಳರಿಗೆ ಬಚ್ಚಿಟ್ಟುಕೊಳ್ಳಲು ಹಾಳುಮನೆಗಳು ಬೇಕಿದ್ದವು. ಹಾಳುಮನೆ ನಮ್ಮಲ್ಲಿ ಬೇಕಾದಷ್ಟಿದ್ದವು. ಧಾರಾವಾಹಿಗೆ ದೊಡ್ಡ ಹೆಸರೇನೋ ಇತ್ತು, ಊರಲ್ಲಿ ಮಾತ್ರ ಎಲ್ಲರೂ "ಶೆರಿಫ್" ಎಂದೇ ಕರೆಯುತ್ತಿದ್ದರು.

ಕುದುರೆಗಳನ್ನು ನೋಡಿಕೊಳ್ಳಲು ಸಿಪ್ರಿಯಾನೊನನ್ನು ಇಟ್ಟುಕೊಂಡರು. ಮೊದಲನೆಯ ಕಂತಿನಲ್ಲೇ ಅವರಿಗೊಂದು ಹೆಣ ಬೇಕಾಯಿತು. ಬಂಡೆಯ ಕೆಳಗೆ ಅಂಗಾತ ಮಲಗುವ ಕೆಲಸ. ಸಿಪ್ರಿಯಾನೊ ಮೂರು ಗಂಟೆ ಮಲಗಿದ. ಇರುವೆ ಕಿವಿಯೊಳಗೆ ಹೋದರೂ ಕದಲಲಿಲ್ಲ. ನಿರ್ದೇಶಕ ಬಂದು ಬೆನ್ನು ತಟ್ಟಿದ. ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಬಂದು ಬಹಳ ಹೊತ್ತು ನಿಂತಿತ್ತು.

ಅಲ್ಲಿಗೆ ಅವನ ಕತೆ ಮುಗಿಯಿತು. ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಒಮ್ಮೆ ಸತ್ತು ತೋರಿಸಿದ ಮುಖವನ್ನು ಮತ್ತೆ ಬದುಕಿರುವಂತೆ ತೋರಿಸುವಂತಿಲ್ಲ. ಹಾಗಾಗಿ ಐದು ವರ್ಷ ಸಿಪ್ರಿಯಾನೊನ ಬೆನ್ನನ್ನಷ್ಟೇ ತೋರಿಸಿದರು. ಹೋಟೆಲಿನ ಮೂಲೆಯಲ್ಲಿ ಕಾಫಿ ಕುಡಿಯುವ ಬೆನ್ನು, ಕೋರ್ಟಿನ ಕಡೆಯ ಬೆಂಚಿನ ಬೆನ್ನು, ದೂಳಿನಲ್ಲಿ ಕುದುರೆಯೇರಿ ಹೋಗುವ ಬೆನ್ನು. ಎಲೋಯ್ಸಾ ಪ್ರತಿ ಸೋಮವಾರ ಟೀವಿಯೆದುರು ಕೂತು, "ಅದೋ ನೋಡಿ, ನಮ್ಮನೆಯವರು!" ಎಂದು ಬೆರಳು ತೋರಿಸುತ್ತಿದ್ದಳು. ಬೇರೆ ಯಾರಿಗೂ ಅದು ಯಾರ ಬೆನ್ನೆಂದು ತಿಳಿಯುತ್ತಿರಲಿಲ್ಲ.

ಆರನೆಯ ವರ್ಷದ ಒಂಬತ್ತನೆಯ ಕಂತಿಗೆ ಹೊಸ ನಿರ್ದೇಶಕಿಯೊಬ್ಬಳು ಬಂದಳು. ಗೇಟು ಕಾಯುವವನ ಪಾತ್ರ ಮಾಡಬೇಕಿದ್ದ ನಟನಿಗೆ ಜ್ವರ. ಕುದುರೆ ಹಿಡಿದು ನಿಂತಿದ್ದ ಸಿಪ್ರಿಯಾನೊನನ್ನು ಅವಳು ಮೇಲೆಕೆಳಗೆ ನೋಡಿ, "ನೀವು ಒಂದು ಮಾತು ಹೇಳ್ತೀರಾ?" ಎಂದಳು.

"ಅಯ್ಯೋ, ಇವರು ಸತ್ತೋಗಿದಾರೆ!" ಎಂದಳು ಪಟ್ಟಿ ಹಿಡಿದು ಎಲ್ಲವನ್ನೂ ಬರೆದಿಡುವ ಹುಡುಗಿ.

"ಯಾವಾಗ?"

"ಮೊದಲ ಕಂತಲ್ಲಿ."

"ಆರು ವರ್ಷ ಆಯ್ತು ತಾನೇ? ಯಾರಿಗೆ ನೆನಪಿರುತ್ತೆ," ಎಂದು ನಿರ್ದೇಶಕಿ ನಕ್ಕುಬಿಟ್ಟಳು.

ಶೆರಿಫ್ ಗಾಡಿ ನಿಲ್ಲಿಸಿ, ಕೊಲೆಗಾರ ಈ ಕಡೆ ಬಂದನಾ ಎಂದು ಕೇಳುತ್ತಾನೆ. ಗೇಟಿನವನು ಹೇಳಬೇಕು: "ಈ ಕಡೇನೇ ಹೋದ, ಸಾಹೇಬ್ರೆ. ಒಬ್ಬನೇ ಇದ್ದ." ಅಷ್ಟೇ. ಸಿಪ್ರಿಯಾನೊ ಅದನ್ನು ಒಂದು ವಾರ ಕುದುರೆಗಳಿಗೆ ಹೇಳಿದ, ಕೋಳಿಗಳಿಗೆ ಹೇಳಿದ, ಸ್ನಾನದ ಮನೆಯಲ್ಲಿ ಹೇಳಿದ. ಸತ್ತು ಆರು ವರ್ಷಕ್ಕೆ ಬಾಯಿ ಬಂತು ಎಂದು ಊರವರು ತಮಾಷೆ ಮಾಡಿದರು. ಆಗಲೇ ಅವನ ದನಿ ಗೊಗ್ಗರಾಗಿತ್ತು. ದೂಳಿಗೆ ಹಾಗಾಗಿದೆ ಎಂದುಕೊಂಡರು. ಮೂರು ವಾರದ ಮೇಲೆ ಅಲ್ಬುಕರ್ಕಿ ಪಟ್ಟಣದ ಡಾಕ್ಟರು ದೂಳಲ್ಲ ಎಂದರು.

* * *

ಚರ್ಚಿನ ಸಭಾಂಗಣದಲ್ಲಿ ಊಟ ನಡೆದಿತ್ತು. ರಮೋನ್‌ಸಿತಾ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಓಹಿತೊದಲ್ಲಿ ಯಾರು ಸತ್ತರೂ ಜೋಳ, ಮಾಂಸ ಹಾಕಿ ಬೇಯಿಸಿದ ಪೊಸೋಲೆ ಸಾರು ಅವಳದೇ, ಹಾಗೆಯೇ ಸತ್ತವರ ಬಗ್ಗೆ ಕೊನೆಯ ಮಾತೂ ಅವಳದೇ. ಹೆದ್ದಾರಿ ಕೆಲಸದ ಅವಳ ಮಗ ಲೆರಾಯ್ ತನ್ನ ಮನೆಯ ದೊಡ್ಡ ಟೀವಿಯನ್ನು ಹೊತ್ತು ತಂದು, ವೇದಿಕೆಯ ಮೇಲಿಟ್ಟು ವೈರು ಸಿಕ್ಕಿಸುತ್ತಿದ್ದ.

"ಧಾರಾವಾಹೀಲಿ ಕೊಂದಿದ್ದು ಆ ಶೆರಿಫ್ ಕೈಕೆಳಗಿನ ಡೆಪ್ಯುಟಿನೇ," ಎಂದ ಯಾರೋ, ಮೆಣಸಿನ ಸಾರಿಗೆ ರೊಟ್ಟಿ ಅದ್ದುತ್ತ.

"ಡೆಪ್ಯುಟಿ ಅಲ್ಲ ಕಣೋ, ಜಡ್ಜಿನ ಹೆಂಡ್ತಿ. ಅವಳ ಬೂಟು ನೋಡ್ಲಿಲ್ವಾ?"

"ಸಿಪ್ರಿಯಾನೊಗೆ ಗೊತ್ತಿತ್ತು," ಎಂದಳು ರಮೋನ್‌ಸಿತಾ. "ಕೊನೇ ವಾರ ಹೋಗಿ ಕೇಳ್ದೆ. ಸಾಯೋ ಮುಂಚೆ ಒಂದು ಪುಣ್ಯ ಕಟ್ಕೊಳಪ್ಪ, ಕೊಲೆಗಾರ ಯಾರು ಹೇಳು ಅಂತ. ಸುಮ್ನೆ ನಕ್ಕ. ಗಟ್ಟಿ ಮನುಷ್ಯ, ಬಾಯೇ ಬಿಡ್ಲಿಲ್ಲ."

"ಬಾಯಿ ಬಿಡೋಕೆ ಗಂಟ್ಲೆಲ್ಲಿತ್ತಮ್ಮ ಅವರಿಗೆ," ಎಂದ ಲೆರಾಯ್.

"ಬರೆದು ತೋರಿಸ್ಬಹುದಿತ್ತಲ್ಲ!"

ನಿಜವೇನೆಂದರೆ ಸಿಪ್ರಿಯಾನೊಗೆ ಕೊಲೆಗಾರ ಯಾರೆಂದು ಗೊತ್ತೇ ಇರಲಿಲ್ಲ. ಅವನ ಕೈಗೆ ಕೊಟ್ಟದ್ದು ಒಂದೇ ಹಾಳೆ. ಆದರೆ ಹಾಗೆಂದು ಹೇಳಿದ್ದರೆ ಸಾಯುವವನನ್ನು ನೋಡಲು ಅಷ್ಟು ಜನ ಬರುತ್ತಿರಲಿಲ್ಲವೇನೋ.

ಎಲೋಯ್ಸಾ ಊಟ ಮುಟ್ಟಿರಲಿಲ್ಲ. ಎದ್ದು ಟೀವಿಯ ಹತ್ತಿರ ಹೋದಳು. "ಸೌಂಡು ಎಷ್ಟಿಟ್ಟಿದೀಯಾ, ಲೆರಾಯ್? ಜೋರಾಗಿಡಪ್ಪ. ಮಕ್ಕಳನ್ನ ಹೊರಗೆ ಕಳಿಸು ಆ ಹೊತ್ತಿಗೆ. ಯಾರೂ ಕೆಮ್ಮಬಾರದು ಅಂತ ಹೇಳು."

"ಹೇಳ್ತೀನಿ ಅತ್ತೆ. ಕೆಮ್ಮಿದವರನ್ನ ಶೆರಿಫ್‌ಗೆ ಹಿಡ್ಕೊಡ್ತೀನಿ."

ಅವಳು ನಕ್ಕಳು. ಗಂಡ ಸತ್ತ ನಾಲ್ಕು ದಿನದಲ್ಲಿ ಮೊದಲ ನಗು. ಅದನ್ನು ಕಂಡು ಮೂಲೆಯಲ್ಲಿ ತಟ್ಟೆ ಹಿಡಿದು ಕೂತಿದ್ದ ಒನೆಸಿಮೊ ಉಣ್ಣುವುದನ್ನು ಬಿಟ್ಟು ತಟ್ಟೆಯನ್ನು ಕೆಳಗಿಟ್ಟ.

"ಎಲೋಯ್ಸಾ, ನಿಮ್ಮನೆ ಫೋನಲ್ಲಿ ಇತ್ತಲ್ಲ ಅವನ ದನಿ?" ಎಂದು ತ್ರಾಂಕಿಲಿನೊ ಜೋರಾಗಿ ಕೇಳಿದ. "ಮನೇಲಿಲ್ಲ, ಆಮೇಲೆ ಮಾಡಿ ಅಂತ ಹೇಳೋದು. ನಾನು ಎಷ್ಟು ಸಲ ಅದರ ಜೊತೆ ಜಗಳ ಆಡಿದೀನಿ."

ಗೊತ್ತಿದ್ದವರು ತಟ್ಟೆ ನೋಡಿಕೊಂಡರು.

"ಅಳಿಸ್ಬಿಟ್ಟೆ," ಎಂದಳು ಎಲೋಯ್ಸಾ. ಮುದುಕನಿಗೆ ಕೇಳಲಿ ಎಂದು ಗಟ್ಟಿಯಾಗಿ ಮತ್ತೊಮ್ಮೆ ಹೇಳಬೇಕಾಯಿತು. "ಅಳಿಸ್ಬಿಟ್ಟೆ ತಾತ! ಆಪರೇಷನ್ ಆದ ವಾರ. ಫೋನ್ ಮಾಡಿದವರಿಗೆಲ್ಲ ಅವರ ದನಿ ಕೇಳ್ಸೋದು, ಅವರು ನೋಡಿದ್ರೆ ಅಲ್ಲೇ ಕುರ್ಚೀಲಿ ಮೂಕರಾಗಿ ಕೂತಿರೋದು. ನೋಡೋಕಾಗ್ಲಿಲ್ಲ ನನಗೆ. ಅವರಿಗೆ ನೋವಾಗ್ಬಾರದು ಅಂತ ಅಳಿಸಿ ನನ್ನ ದನಿ ಹಾಕ್ದೆ. ಈ ಕೈಯಲ್ಲೇ."

ಅವಳು ಆ ಕೈಯನ್ನು ಎತ್ತಿ ತೋರಿಸಿದಳು. ರಮೋನ್‌ಸಿತಾ, "ಇರ್ಲಿ ಬಿಡೇ, ಇವತ್ತು ಬರುತ್ತಲ್ಲ," ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನಮ್ಮೂರಲ್ಲಿ ಹೇಳಲು ಮಾತಿಲ್ಲದಾಗ ಬಡಿಸುತ್ತಾರೆ.

* * *

ಜನವರಿಯಲ್ಲಿ ಅಣ್ಣನ ಮನೆಗೆ ಧಾರಾವಾಹಿಯವರ ಫೋನು ಬಂದಿತ್ತು. ಎಲೋಯ್ಸಾ ಪಟ್ಟಣಕ್ಕೆ ಹೋಗಿದ್ದಳು, ಒನೆಸಿಮೊ ಎತ್ತಿಕೊಂಡ. ಗೇಟಿನ ದೃಶ್ಯದಲ್ಲಿ ಜನರೇಟರ್ ಸದ್ದು ನುಗ್ಗಿ ಮಾತು ಹಾಳಾಗಿದೆಯಂತೆ. ಸಾಂತಾ ಫೆಯ ಸ್ಟುಡಿಯೋಗೆ ಬಂದು, ಚಿತ್ರ ನೋಡಿಕೊಂಡು ಅದೇ ಮಾತನ್ನು ಮತ್ತೆ ಹೇಳಬೇಕಂತೆ. ಬರಲಾಗದಿದ್ದರೆ ಚಿಂತೆಯಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಯಾರಿಂದಲೋ ಹೇಳಿಸುತ್ತೇವೆ ಎಂದಳು ಆ ಕಡೆಯ ಹೆಂಗಸು.

ಒನೆಸಿಮೊ ಫೋನಿನ ಬಾಯಿ ಮುಚ್ಚಿ ಅಣ್ಣನಿಗೆ ವಿಷಯ ಹೇಳಿದ. ಸಿಪ್ರಿಯಾನೊ ಒಂದು ಚೀಟಿಯಲ್ಲಿ ಬರೆದ: "ನೀನು ಹೋಗು."

"ತಲೆ ಕೆಟ್ಟಿದೆಯಾ ಅಣ್ಣ? ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಸಿಪ್ರಿಯಾನೊ ಬರೆದ: "ಆರು ವರ್ಷ ನನ್ನ ಮುಖ ನೋಡಿದವರು ಯಾರು?"

ಇಬ್ಬರೂ ಒಂದೇ ಗಾಡಿಯಲ್ಲಿ ಹೋದರು. ಸಿಪ್ರಿಯಾನೊ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಗಾಡಿಯಲ್ಲೇ ಉಳಿದ. ಒನೆಸಿಮೊ ಅಣ್ಣನ ಹ್ಯಾಟು ಹಾಕಿಕೊಂಡು ಒಳಗೆ ಹೋದ. ಕತ್ತಲೆ ಕೋಣೆ, ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ಅದರ ಮೇಲೆ ಅಣ್ಣನ ಮುಖ. ಅಣ್ಣನನ್ನು ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಯಂತ್ರದ ಮುಂದೆ ಕೂತಿದ್ದ ಹೆಂಗಸು ಪರದೆಯನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಸ್ವಲ್ಪ ದಪ್ಪ ಆಗಿದೀರಾ, ಅಲ್ವಾ?" ಎಂದಳು.

"ಹಬ್ಬದ ಊಟ ಮೇಡಂ," ಎಂದ ಒನೆಸಿಮೊ.

ಹದಿನಾಲ್ಕು ಸಲ ಹೇಳಿದ. ತುಟಿಗೂ ಮಾತಿಗೂ ಕೂಡಿಬರಲಿಲ್ಲ. ಹಾಡುವವನ ಗಂಟಲು, ಎಳೆದು ಹೇಳುವ ಅಭ್ಯಾಸ. ಸಿಪ್ರಿಯಾನೊನದು ಕತ್ತರಿಸಿಟ್ಟಂಥ ಮಾತು. ಹದಿನೈದನೆಯ ಸಲ ಅವನು ಕಣ್ಣುಮುಚ್ಚಿ, ಚಿಕ್ಕಂದಿನಲ್ಲಿ ಕೊಟ್ಟಿಗೆಯಿಂದ ಅಣ್ಣ ಕೂಗುತ್ತಿದ್ದುದನ್ನು ನೆನೆಸಿಕೊಂಡ. "ಈ ಕಡೇನೇ ಹೋದ, ಸಾಹೇಬ್ರೆ. ಒಬ್ಬನೇ ಇದ್ದ." ಹೆಂಗಸು ಹೆಬ್ಬೆರಳೆತ್ತಿದಳು.

ಹೊರಗೆ ಬಂದಾಗ ಗಾಡಿಯ ಗಾಜೆಲ್ಲ ಮಂಜುಕಟ್ಟಿತ್ತು. ಹೇಗಾಯಿತು ಎಂದು ಸಿಪ್ರಿಯಾನೊ ಹುಬ್ಬೆತ್ತಿ ಕೇಳಿದ.

"ಥೇಟ್ ನಿನ್ನ ಹಾಗೇನೇ."

ಸಿಪ್ರಿಯಾನೊ ಚೀಟಿ ತೆಗೆದು ಬರೆದ: "ಎಲೋಯ್ಸಾಗೆ ಹೇಳಬೇಡ. ಅವಳಿಗೆ ಏನಾದರೂ ಇರಲಿ." ಬರೆದು ತಮ್ಮನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಆಣೆ ಮಾಡುವತನಕ ಬಿಡಲಿಲ್ಲ. ಒನೆಸಿಮೊ ಆಣೆ ಮಾಡಿದ. ದನಿ ಕಳೆದುಕೊಂಡವನು ಹಾಗೆ ನೋಡಿದರೆ ಯಾರು ತಾನೇ ಇಲ್ಲವೆನ್ನುತ್ತಾರೆ?

ಫೋನಿನಲ್ಲಿ ಅಣ್ಣತಮ್ಮಂದಿರ ದನಿಯನ್ನು ಊರೆಲ್ಲ ಅದಲುಬದಲು ಮಾಡುತ್ತಿತ್ತು. ಅವರ ಹೆತ್ತ ತಾಯಿಯೇ ಮೋಸಹೋಗುತ್ತಿದ್ದಳು. ಮದುವೆಯಾಗಿ ಬಂದ ನಲವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪದಿದ್ದವಳು ಎಲೋಯ್ಸಾ ಒಬ್ಬಳೇ. ಇದು ಒನೆಸಿಮೊಗೆ ನೆನಪಾದದ್ದು ಗಾಡಿ ಅರ್ಧ ದಾರಿ ಬಂದ ಮೇಲೆ.

* * *

ಆರೂವರೆಗೆ ಎಲೋಯ್ಸಾ ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಜೂನ್ ತಿಂಗಳ ಬಿಸಿಲು ಇನ್ನೂ ಬಂಡೆಗಳ ಮೇಲಿತ್ತು. ಒನೆಸಿಮೊ ಹೋಗಿ ಪಕ್ಕದಲ್ಲಿ ನಿಂತ. ಈಗ ಹೇಳದಿದ್ದರೆ ಮತ್ತೆ ಹೊತ್ತಿಲ್ಲ. ನಾಲ್ಕು ಜನರ ಮುಂದೆ ಗೊತ್ತಾಗುವುದಕ್ಕಿಂತ ಇಲ್ಲಿ ಗೊತ್ತಾಗಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದ.

"ಕೂತ್ಕೊ," ಎಂದಳು ಅವಳು. "ನಿನ್ನ ಮೇಲೆ ಸಿಟ್ಟಿತ್ತು ಮಧ್ಯಾಹ್ನ. ಹಾಡ್ಲಿಲ್ವಲ್ಲ ಅಂತ. ಈಗಿಲ್ಲ."

ಅವನು ಕೂತ.

"ನನಗೆ ಅವರ ದನಿ ಮರೀತಾ ಇದೆ ಒನೆಸಿಮೊ. ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಏಳೋವಾಗ ಎಲೋಯ್ಸಾ ಅಂತ ಕರೆದ ಹಾಗಾಗುತ್ತೆ, ಕಿವಿಗೊಟ್ರೆ ಯಾರದೋ ದನಿ. ರೇಡಿಯೋದವನದ್ದು, ಪಾದ್ರಿಗಳದ್ದು. ಫೋಟೋ ಗೋಡೆ ತುಂಬಾ ಇದೆ. ಫೋಟೋ ಮಾತಾಡುತ್ತಾ? ಒಂದು ಸಲ ಸರಿಯಾಗಿ ಕೇಳ್ಬಿಟ್ರೆ ಸಾಕು, ಮತ್ತೆ ಬಿಡಲ್ಲ ನಾನು. ಇಲ್ಲಿ ಇಟ್ಕೋತೀನಿ."

"ಅತ್ತಿಗೆ," ಎಂದು ಅವನು ಪಿಸುಗುಟ್ಟಿದ. "ಇವತ್ತು ನೋಡೋದು ಬೇಡ. ಇನ್ನೊಂದಿನ ನೋಡೋಣ, ನೀವು ನಾನು ಇಬ್ರೇ."

"ಯಾಕೆ?"

ಯಾಕೆಂದು ಹೇಳಲು ಬಾಯಿ ತೆರೆದ. ಅಣ್ಣ ಹಿಡಿದಿದ್ದ ಕೈ ನೆನಪಾಯಿತು. ಎದುರಿಗೆ ಕೂತವಳ ಮುಖದಲ್ಲಿ ಹುಡುಗಿಯಂಥ ಆಸೆಯಿತ್ತು. ಮಾತು ಹೊರಡಲಿಲ್ಲ. ಅದು ಆಣೆಯ ಭಯವೋ ಬರೀ ಹೇಡಿತನವೋ ಅವನಿಗೇ ತಿಳಿಯಲಿಲ್ಲ.

ಎಲೋಯ್ಸಾ ಅವನ ಕಡೆ ಪೂರ್ತಿ ತಿರುಗಿದಳು. ಅವಳ ಮುಖ ಬದಲಾಗಿತ್ತು. "ನಿನ್ನ ಗಂಟಲಿಗೆ ಏನಾಗಿದೆ? ನಾಲ್ಕು ದಿನದಿಂದ ನೋಡ್ತಾ ಇದೀನಿ. ಅಣ್ಣನಿಗೂ ಹೀಗೇ ಶುರುವಾಗಿದ್ದು."

"ಏನಿಲ್ಲ ಅತ್ತಿಗೆ."

"ಏನಿಲ್ಲ ಅಂತ ಅವರೂ ಅಂತಿದ್ರು. ಎಷ್ಟು ದಿನದಿಂದ? ನುಂಗಿದ್ರೆ ನೋವಾಗುತ್ತಾ?" ಅವಳು ಕೈಚಾಚಿ ಅವನ ಗಂಟಲನ್ನು ಎರಡೂ ಬದಿ ಒತ್ತಿ ನೋಡಿದಳು, ಕರುವಿನ ಕತ್ತು ನೋಡುವ ಹಾಗೆ. "ನಾಳೇನೇ ಡಾಕ್ಟರ ಹತ್ರ ಹೋಗೋಣ. ನಿನ್ನನ್ನೂ ಹಾಗೆ ನೋಡೋಕೆ ನನ್ನ ಕೈಲಾಗಲ್ಲ ಕಣೋ. ನಿಜವಾಗ್ಲೂ ಆಗಲ್ಲ."

ಒಂದೇ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಅವಳ ಈ ಭಯ ಅಲ್ಲೇ ಹೋಗುತ್ತಿತ್ತು. ಅದನ್ನೂ ಅವನು ಆಡಲಾರದೆ ಹೋದ. ಸುಮ್ಮನೆ ತಲೆಯಲ್ಲಾಡಿಸಿದ. ಒಳಗಿನಿಂದ ರಮೋನ್‌ಸಿತಾ ಎಲ್ಲರನ್ನೂ ಕೂರಿಸುತ್ತಿದ್ದ ಗಲಾಟೆ ಕೇಳಿ ಎಲೋಯ್ಸಾ ಅವನ ಭುಜ ಹಿಡಿದು ಎದ್ದಳು.

* * *

ಕಿಟಕಿಗಳಿಗೆ ಮೇಜುಬಟ್ಟೆ ಕಟ್ಟಿ ಬೆಳಕು ಮರೆಮಾಡಿದ್ದರು. ಎಲೋಯ್ಸಾಗೆ ಮುಂದಿನ ಸಾಲಿನ ನಡುವಿನ ಕುರ್ಚಿ. ಅವಳ ಎಡಕ್ಕೆ ಒನೆಸಿಮೊ, ಬಲಕ್ಕೆ ತ್ರಾಂಕಿಲಿನೊ. ಹಿಂದೆ ನಲವತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು.

ಟೀವಿಯಲ್ಲಿ ಶೆರಿಫ್ ಒಬ್ಬ ಹೆಂಗಸಿನ ಜೊತೆ ಮಾತಾಡಿದ. ಯಾರೋ ಯಾರಿಗೋ ಗುಂಡು ಹೊಡೆದರು. ಡೆಪ್ಯುಟಿ ಒಂದು ಕಾಗದವನ್ನು ಸುಟ್ಟ. "ನಾನು ಹೇಳ್ಲಿಲ್ವಾ!" ಎಂದು ಹಿಂದೆ ಒಬ್ಬ ಪಿಸುಗುಟ್ಟಿ ಬೈಸಿಕೊಂಡ. ಅರ್ಧ ಗಂಟೆ ಕಳೆಯಿತು. ಆಮೇಲೆ ದೂಳೆಬ್ಬಿಸಿಕೊಂಡು ಶೆರಿಫ್‌ನ ಗಾಡಿ ಬೆನಿತೊನ ಹಳೆಯ ಹೊಲದ ಗೇಟಿನ ಮುಂದೆ ಬಂದು ನಿಂತಿತು.

ಸಿಪ್ರಿಯಾನೊನ ಮುಖ ಬಂತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಎಲೋಯ್ಸಾ ಮುಂದಕ್ಕೆ ಬಾಗಿದಳು.

"ಈ ಕಡೇನೇ ಹೋದ, ಸಾಹೇಬ್ರೆ. ಒಬ್ಬನೇ ಇದ್ದ."

ಸಭಾಂಗಣವೇ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು. ಹೆಂಗಸರು ಅಳತೊಡಗಿದರು. "ಅವನೇ! ಥೇಟ್ ಅವನದ್ದೇ ದನಿ!" ಎಂದು ಕಿವುಡ ತ್ರಾಂಕಿಲಿನೊ ಎದ್ದುನಿಂತು ಸಾರಿದ. ಲೆರಾಯ್ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, "ಇನ್ನೊಂದ್ಸಲ ಹಾಕ್ತೀನಿ ಅತ್ತೆ, ಜೋರಾಗಿ!" ಎಂದು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಮತ್ತೆ ಚಪ್ಪಾಳೆ. ಇನ್ನೊಮ್ಮೆ ಹಾಕಿದ.

ಎಲೋಯ್ಸಾ ಅಲುಗಾಡದೆ ಕೂತಿದ್ದಳು. ಮೂರನೆಯ ಸಲ ಮುಗಿದಾಗ ನಿಧಾನವಾಗಿ ಎಡಕ್ಕೆ ತಿರುಗಿದಳು. ಒನೆಸಿಮೊ ಅವಳನ್ನು ನೋಡಲಿಲ್ಲ. ನೋಡದಿದ್ದರೂ ಅವಳು ನೋಡುತ್ತಿರುವುದು ಗೊತ್ತಾಗುತ್ತಿತ್ತು. ಸುತ್ತ ಜನ ಅಪ್ಪಿಕೊಳ್ಳುತ್ತಿದ್ದರು, ಮೂಗು ಸೀಟುತ್ತಿದ್ದರು.

"ಹಾಗಾದ್ರೆ ನಿನ್ನ ಗಂಟಲು ಚೆನ್ನಾಗಿದೆ," ಎಂದಳು ಅವಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಅವನು ತಲೆಯಾಡಿಸಿದ.

"ಸದ್ಯ," ಎಂದಳು.

"ಅಣ್ಣನೇ ನನ್ನ ಕೈಲಿ ಹೇಳ್ಸಿದ್ದು ಅತ್ತಿಗೆ, ನಿಮಗೋಸ್ಕರ," ಎಂದ. ಈ ಸಲ ಪಿಸುಗುಟ್ಟಲಿಲ್ಲ. ಟೀವಿಯಲ್ಲಿ ಕೇಳಿದ ದನಿಯೇ ಪಕ್ಕದ ಕುರ್ಚಿಯಿಂದ ಬಂತು. ಅವಳು ಸಾಕು ಎಂಬಂತೆ ಕೈಯೆತ್ತಿದಳು. ಅವನು ಬಾಯಿಮುಚ್ಚಿದ.

ರಮೋನ್‌ಸಿತಾ ಬಂದು ಅವಳನ್ನು ತಬ್ಬಿಕೊಂಡಳು. "ಕೇಳ್ದೆ ಅಲ್ವೇನೇ? ತೃಪ್ತಿ ಆಯ್ತಾ?"

"ಆಯ್ತು," ಎಂದಳು ಎಲೋಯ್ಸಾ. "ತುಂಬಾ ಚೆನ್ನಾಗಿ ಹೇಳಿದ್ರು ಅಲ್ವಾ?"

ಊರವರು ಒಬ್ಬೊಬ್ಬರಾಗಿ ಬಂದು ಅದನ್ನೇ ಹೇಳಿದರು. ಅವಳು ಎಲ್ಲರಿಗೂ ಹೌದೆಂದಳು. ಕಂತು ಮುಗಿದ ಮೇಲೆ, ಕೊಲೆಗಾರ ಯಾರೆಂಬುದು ಮುಂದಿನ ವಾರಕ್ಕೆ ಉಳಿಯಿತೆಂದು ಗೊಣಗುತ್ತ, ಪಾತ್ರೆಗಳನ್ನು ಎತ್ತಿಕೊಂಡು ಮನೆಗಳಿಗೆ ಹೊರಟರು. ಟೀವಿಯನ್ನು ಬೆಳಿಗ್ಗೆ ಒಯ್ಯುತ್ತೇನೆಂದು ಲೆರಾಯ್ ರಿಮೋಟನ್ನು ಒನೆಸಿಮೊನ ಕೈಗಿತ್ತ. ಬಾಗಿಲು ಹಾಕಿಕೊಂಡಿತು.

"ಮತ್ತೆ ಹಾಕು," ಎಂದಳು ಎಲೋಯ್ಸಾ. "ಸೌಂಡ್ ಆಫ್ ಮಾಡಿ ಹಾಕು."

ಅವನು ಹಾಕಿದ. ಶೆರಿಫ್‌ನ ಗಾಡಿ ಸದ್ದಿಲ್ಲದೆ ಬಂದು ನಿಂತಿತು. ಅವಳು ಎದ್ದು ಟೀವಿಯ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ಹೋದಳು. ಸಿಪ್ರಿಯಾನೊ ಕಣ್ಣು ಕಿರಿದು ಮಾಡಿ ಬಾಯಿ ತೆರೆದ, ಏನೋ ಹೇಳಿದ, ಮುಚ್ಚಿದ.

"ಮತ್ತೆ."

ಒನೆಸಿಮೊ ಹಿಂದಕ್ಕೆ ಓಡಿಸಿದ. ಈ ಸಲ ಅವಳು ಗಾಜಿನ ಮೇಲೆ ಬೆರಳಿಟ್ಟಳು. ಗಂಡನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಗಂಟಲು ಇಡಿಯಾಗಿತ್ತು, ಮಾತಾಡುವಾಗ ಅದರ ಗಂಟು ಮೇಲೆದ್ದು ಕೆಳಗಿಳಿಯಿತು. ಅವಳ ಬೆರಳು ಅದರ ಜೊತೆ ಮೇಲೆದ್ದು ಕೆಳಗಿಳಿಯಿತು.

"ಮತ್ತೆ," ಎಂದಳು.